ಹೇಸಿಗೆ ಕಲಿತ ನಾಲಿಗೆ

ಸಿರುಗುಪ್ಪ
9-6-2025

ಆಪ್ತಸಮಾಲೋಚಕರಿಗೆ,
ಕ್ಯಾನ್ಸರ್ ವಿಭಾಗ, ಬಳ್ಳಾರಿ.

ಮಾನ್ಯರೇ,

ನೀವು ನನ್ನ ಅಕ್ಕನ ಮಗಳು ಎಂಬುದನ್ನು ಈ ಪತ್ರದ ಮಟ್ಟಿಗೆ ಮರೆತಿದ್ದೇನೆ. ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ, ಮೂರು ವಾರಕ್ಕೊಮ್ಮೆ ನಿಮ್ಮಲ್ಲಿಗೆ ಬಂದು ಕೀಮೋ ಡ್ರಿಪ್ ಹಾಕಿಸಿಕೊಂಡು ಹೋಗುವ ಒಬ್ಬ ರೋಗಿಯಾಗಿ, ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ಮೇಷ್ಟ್ರಾಗಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ಆಡಿದ ಮಾತನ್ನು ನಾಳೆ ಯಾರು ಬೇಕಾದರೂ ಆಡಿಲ್ಲ ಎನ್ನಬಹುದು. ನನಗೆ ಉತ್ತರ ಬರಹದಲ್ಲಿ ಬೇಕು.

ಜೂನ್ ಮೂರರಂದು ಡ್ರಿಪ್ ಹಾಲಿನಲ್ಲಿ ನಡೆದ 'ಆನಂದ ಶಿಬಿರ'ಕ್ಕೆ ಅನುಮತಿ ಕೊಟ್ಟವರು ಯಾರು? ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದವರ ತಲೆಯ ಮೇಲೆ ಮೈಕು ಹಿಡಿದು ಕೂಗಲು ಆ ಬಿಳಿ ಜುಬ್ಬದ ಗುರೂಜಿ ಯಾವ ಡಾಕ್ಟರು? "ಕ್ಯಾನ್ಸರ್ ಅಂದರೆ ನೀವು ನುಂಗಿಕೊಂಡ ಸಿಟ್ಟು. ಯಾರನ್ನೋ ಕ್ಷಮಿಸದೆ ಉಳಿಸಿಕೊಂಡಿದ್ದೀರಿ, ಅದೇ ಗಡ್ಡೆಯಾಗಿದೆ" ಎಂದನಲ್ಲ, ನನ್ನ ಪಕ್ಕದ ಮಂಚದಲ್ಲಿ ರಕ್ತದ ಕ್ಯಾನ್ಸರಿನ ಕೂಸೊಂದು ಮಲಗಿತ್ತು. ಅದಕ್ಕಿನ್ನೂ ಹಾಲುಹಲ್ಲು ಬಿದ್ದಿಲ್ಲ. ಅದು ಯಾರ ಮೇಲಿನ ಸಿಟ್ಟು ನುಂಗಿತ್ತು?

ಆಮೇಲೆ ಉಸಿರಾಟದ ಪಾಠ. ಸಿರಿಗೇರಿಯ ಎರ್ರಣ್ಣನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಗಂಟಲಿನ ಕ್ಯಾನ್ಸರಾಗಿ ಧ್ವನಿಪೆಟ್ಟಿಗೆ ತೆಗೆದ ಮನುಷ್ಯ. ಆತ ಉಸಿರಾಡುವುದು ಕುತ್ತಿಗೆಯಲ್ಲಿ ಕೊರೆದ ತೂತಿನಿಂದ. "ಉಸಿರು ನಿಮ್ಮ ಮೂಗಿನ ಹೊಳ್ಳೆಗಳಿಗೆ ತಾಗುವುದನ್ನು ಗಮನಿಸಿ" ಎಂದ ಗುರೂಜಿ. ಎರ್ರಣ್ಣ ಬೆರಳಿನಿಂದ ತನ್ನ ಕುತ್ತಿಗೆ ತೋರಿಸಿದ. ಕರೂರಿನ ಕೊಟ್ರಮ್ಮ ಆತನ ಪರವಾಗಿ ಮಾತಾಡಿದಳು. "ಯಪ್ಪಾ, ಆತಗ ಮೂಗಿನ್ಯಾಗ ಉಸಿರು ಬರಂಗಿಲ್ಲ, ಕುತಿಗ್ಯಾಗ ತೂತೈತಿ ನೋಡು." ಗುರೂಜಿ ನಕ್ಕು ಏನೆಂದ ಗೊತ್ತೇ? "ಮೂಗಿನಲ್ಲೇ ಬರುತ್ತಿದೆ ಎಂದು ಭಾವಿಸಿಕೊಳ್ಳಿ. ಈಗ ಎಲ್ಲರೂ ನಿಧಾನವಾಗಿ ಉಸಿರು ಬಿಡಿ."

"ಉಸಿರು ಬಿಡಾಕ ಬಂದಿಲ್ಲಪ್ಪಾ ನಾವು, ಉಳಿಸ್ಕಳಾಕ ಬಂದೀವಿ" ಎಂದಳು ಕೊಟ್ರಮ್ಮ. ಇಡೀ ಹಾಲ್ ನಕ್ಕಿತು. ಆ ಶಿಬಿರದಲ್ಲಿ ಹುಟ್ಟಿದ ಆನಂದವೆಂದರೆ ಅದೊಂದೇ.

ನಮ್ಮ ತಂದೆ ಮಾರೆಣ್ಣ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಪ್ರತಿದಿನ ಗದ್ದೆಯಿಂದ ಬಂದು ಗೋಡೆಗೊರಗಿ ಕೂತು ಉಸಿರು ನೋಡುತ್ತಿದ್ದರು. "ಅದರಿಂದ ಏನು ಬರತೈತಪ್ಪ?" ಎಂದು ನಾನು ಕೇಳಿದ್ದೆ. "ಏನೂ ಬರಂಗಿಲ್ಲ. ಸೊಂಟ ನೋಯ್ತೈತಿ. ನೋಯ್ತೈತಿ ಅಂತ ಗೊತ್ತಾಗತೈತಿ, ಅಷ್ಟ" ಎಂದಿದ್ದರು. ಅಷ್ಟು ಪ್ರಾಮಾಣಿಕವಾದ ಒಂದು ಕೆಲಸವನ್ನು ಈ ಜನ ಬ್ಯಾನರು ಕಟ್ಟಿ, "ಥ್ಯಾಂಕ್ಯೂ ಕ್ಯಾನ್ಸರ್" ಎಂದು ಚಪ್ಪಾಳೆ ತಟ್ಟಿಸಿ, ಏನು ಮಾಡಿಟ್ಟಿದ್ದಾರೆ ಎಂದು ನೆನೆದರೆ ನನಗೆ ಹೇಸಿಗೆಯಾಗುತ್ತದೆ.

ಅವರಿಗೆ ಚಾಪೆ ಹಾಸಿಕೊಟ್ಟವರು ತಾವು. ಅದನ್ನೂ ನೋಡಿದ್ದೇನೆ.

ಲಿಖಿತ ಉತ್ತರದ ನಿರೀಕ್ಷೆಯಲ್ಲಿರುವ,
ಭೀಮರಾಜ


ಕುರುಗೋಡು
16-6-2025

ಮಾಮ,

ನಿಮ್ಮ ಪತ್ರವನ್ನು ನಮ್ಮ ಮುಖ್ಯಸ್ಥರು ನನಗಿಂತ ಮೊದಲೇ ಒಡೆದು ಓದಿದರು. "ನಿಮ್ಮ ಸಂಬಂಧಿಕರಿಗೆ ಧ್ಯಾನದ ಅಗತ್ಯ ಬಹಳ ಇದೆ" ಎಂದು ಹೇಳಿ ಕೈಗಿಟ್ಟರು. ಇನ್ನು ಮುಂದೆ ಇಲ್ಲಿ ಮನೆಗೇ ಬರೆಯಿರಿ.

ಶಿಬಿರಕ್ಕೆ ಅನುಮತಿ ಕೊಟ್ಟವರು ಅವರೇ. ಚಾಪೆ ಹಾಸಿದವಳು ನಾನೇ. ಹಾಸಬಾರದಿತ್ತು. ನಾನು ಓದಿ, ಪರೀಕ್ಷೆ ಕಟ್ಟಿ ಕಲಿತ ಮನಶ್ಶಾಸ್ತ್ರದ ಹೆಸರನ್ನೇ ಅವರು ಬ್ಯಾನರಿಗೆ ಹಾಕಿಕೊಂಡಿದ್ದರು. ಅದನ್ನು ಓದುತ್ತ ನಿಂತಿದ್ದಾಗ ಯಾರೋ ಚಾಪೆಯ ಸುರುಳಿ ಕೈಗೆ ಕೊಟ್ಟರು. ಹಾಸಿದೆ.

ಇನ್ನೊಂದು ಮಾತು. ಅವತ್ತು ಡ್ರಿಪ್ ಹಾಲಿನ ಸಿಸ್ಟರ್ ಹೇಳಿದರು, ಸೂಜಿ ಚುಚ್ಚುವ ಮೊದಲೇ ನೀವು ಹೊರಗೆ ಹೋಗಿ ವಾಂತಿ ಮಾಡಿದಿರಂತೆ. ಔಷಧಿಯ ಒಂದು ಹನಿಯೂ ಮೈಗೆ ಹೋಗಿರಲಿಲ್ಲ. ನಿಮ್ಮ ಪತ್ರದಲ್ಲಿ ಎಲ್ಲರ ಸಂಗತಿ ಇದೆ, ಇದೊಂದಿಲ್ಲ. ಯಾವಾಗಿನಿಂದ ಹೀಗೆ? ನಿಮಗೂ ಬರಹದಲ್ಲೇ ಉತ್ತರ ಕೊಡುವ ಅಭ್ಯಾಸ ಇದೆಯಲ್ಲ, ಬರೆಯಿರಿ.

ಅತ್ತಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ಹೇಮಾ


ಸಿರುಗುಪ್ಪ
27-6-2025

ಹೇಮಾ,

ಇಪ್ಪತ್ತನಾಲ್ಕರಂದು ಡ್ರಿಪ್ ಇತ್ತು. ಆಸ್ಪತ್ರೆಯ ಗೇಟಿನವರೆಗೆ ಬಂದು, ಅಲ್ಲೇ ಕಕ್ಕಿ, ಹಿಂದಿರುಗುವ ಬಸ್ಸು ಹತ್ತಿದೆ. ನಿನಗೆ ಗೊತ್ತಾಗಿರಬೇಕು. ಇನ್ನು ನಾನು ಬರುವುದಿಲ್ಲ. ಉಳಿದ ಡ್ರಿಪ್ಪುಗಳು ಬೇಡ. ಆದದ್ದಾಗಲಿ.

ಕೇಳಿದೆಯಲ್ಲ, ಬರೆಯುತ್ತೇನೆ. ಇದನ್ನು ನಿಮ್ಮ ಅವ್ವನಿಗೆ ಓದಿ ಹೇಳಬೇಡ.

ಮೊದಲ ಡ್ರಿಪ್ಪಿನ ದಿನ ನಿಮ್ಮ ಅತ್ತಿ ಮೊಸರನ್ನ ಕಲಸಿ ಕ್ಯಾರಿಯರಿನಲ್ಲಿ ತಂದಿದ್ದಳು. ನನಗೆ ಇಷ್ಟವೆಂದು. ಮರುದಿನದಿಂದ ಮೊಸರು ಕಂಡರೆ ಆಗಲಿಲ್ಲ. ಎರಡನೆಯ ಸಲ, ಅದು ಬೇಡವೆಂದರೆ ಇದಾದರೂ ತಿನ್ನಲಿ ಎಂದು ಮಂಡಕ್ಕಿ ನೆನೆಸಿ ಮಾಡುವ ಮಂಡಾಳ ಒಗ್ಗರಣೆ, ಮಿರ್ಚಿ. ಹುಟ್ಟಿದಾಗಿನಿಂದ ತಿಂದ ಒಗ್ಗರಣೆ. ಅದೂ ಹೋಯಿತು. ಮೂರನೆಯ ಸಲ ಬಿಸಿ ಅನ್ನ, ಪುಂಡಿಪಲ್ಯ. ಈಗ ಆ ಕ್ಯಾರಿಯರಿನ ಮುಚ್ಚಳದ ಸದ್ದಾದರೂ ಗಂಟಲಿಗೆ ಬರುತ್ತದೆ. ಒಲೆಯ ಮೇಲೆ ಅನ್ನ ಕುದಿಯುವ ವಾಸನೆಗೆ ಎದ್ದು ಬೀದಿಗೆ ಹೋಗುತ್ತೇನೆ. ಬೀದಿಯಲ್ಲೂ ಪ್ರತಿ ಮನೆಯಲ್ಲಿ ಅನ್ನ ಬೇಯುತ್ತಿರುತ್ತದೆ. ಊರ ತುಂಬ ಅಕ್ಕಿ ಗಿರಣಿ, ಊರ ಸುತ್ತ ಭತ್ತ. ಸಿರುಗುಪ್ಪದಲ್ಲಿ ಹುಟ್ಟಿ ಅನ್ನದಿಂದ ತಪ್ಪಿಸಿಕೊಂಡು ಹೋಗುವುದೆಲ್ಲಿಗೆ?

ಇದು ವಾಂತಿಯ ಮಾತಾಯಿತು. ಇನ್ನೊಂದಿದೆ.

ಇಪ್ಪತ್ತು ವರ್ಷದ ಹಿಂದೆ ನಿಮ್ಮ ಅತ್ತಿ ಹಂಪಕ್ಕ ಈ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದು ನಿನಗೆ ನೆನಪಿರಲಿಕ್ಕಿಲ್ಲ, ನೀನು ಚಿಕ್ಕವಳು. ನಮ್ಮ ಜಾತಿಯವರ ಕೈ ಅಡುಗೆಯೆಂದು ಅರ್ಧ ಊರು ಮಕ್ಕಳನ್ನು ಊಟಕ್ಕೆ ಮನೆಗೆ ಕರೆಸಿಕೊಂಡಿತು. ಗೊತ್ತಿಲ್ಲದೆ ನಾಲ್ಕು ತುತ್ತು ತಿಂದ ಒಬ್ಬ ಹುಡುಗಿ, ಪಕ್ಕದವಳು ಕಿವಿಯಲ್ಲಿ ಏನೋ ಹೇಳಿದ ಕೂಡಲೇ ಅಂಗಳಕ್ಕೆ ಓಡಿ ನಿಜವಾಗಿ ಕಕ್ಕಿದಳು. ಅನ್ನದಲ್ಲಿ ಏನೂ ಇರಲಿಲ್ಲ. ಮನೆಯವರು ಅವಳ ಹೊಟ್ಟೆಗೆ ಕಲಿಸಿದ್ದರು. ಹಂಪಕ್ಕ ಆ ವಾಂತಿಯನ್ನು ತಾನೇ ಬಳಿದಳು. ನಾನು ತಹಶೀಲ್ದಾರರಿಂದ ಹಿಡಿದು ಪತ್ರಿಕೆಗಳವರೆಗೆ ಬರೆದು ಬರೆದು, ಎರಡು ವರ್ಷಕ್ಕೆ ಆ ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಕೂತು ಉಂಡರು.

ಮೊನ್ನೆ ರಾತ್ರಿ ಅವಳು ಅನ್ನದ ಬಟ್ಟಲು ತಂದಿಟ್ಟಳು. ನನ್ನ ಕೈ ಅದನ್ನು ದೂರ ತಳ್ಳಿತು. ಬೇಕೆಂದು ತಳ್ಳಲಿಲ್ಲ.

"ನಾ ಮಾಡಿದ್ದು ಹೇಸಿಕಿ ಆತೇನ್ರಿ?" ಎಂದಳು.

"ಹೊಟ್ಟಿ ತುಂಬೇತಿ" ಎಂದೆ. ಗೋಡೆ ನೋಡುತ್ತ ಕೂತೆ. ಆಯುಷ್ಯವೆಲ್ಲ ಯಾರ ಮೇಲೆ ಸಿಟ್ಟು ಕಾರಿದೆನೋ, ಅವರ ಹೊಟ್ಟೆಯನ್ನು ನನ್ನೊಳಗೆ ತಂದಿಟ್ಟಂತಾಗಿದೆ. ಇದಕ್ಕೆ ಯಾವ ಇಲಾಖೆಗೆ ಬರೆಯಲಿ?

ಇತಿ
ನಿನ್ನ ಮಾಮ


ಕುರುಗೋಡು
2-7-2025

ಮಾಮ,

ನಿಮ್ಮ ಮೈ ಅತ್ತಿಯನ್ನು ಕಂಡು ಹೇಸುತ್ತಿಲ್ಲ. ಇದನ್ನು ಮೊದಲು ಬರೆಯುತ್ತೇನೆ, ಉಳಿದದ್ದನ್ನು ಓದದಿದ್ದರೂ ಇದನ್ನು ಓದಿರಿ ಎಂದು.

ಕೀಮೋ ಔಷಧಿ ಹೊಟ್ಟೆ ಕೆಡಿಸುತ್ತದೆ. ಹೊಟ್ಟೆ ಕೆಟ್ಟಾಗ ಮೈ ಹಿಂದಿರುಗಿ ನೋಡುತ್ತದೆ, ಈಗಷ್ಟೇ ತಿಂದದ್ದೇನು ಎಂದು. ರಕ್ತನಾಳದಲ್ಲಿ ಇಳಿದ ಔಷಧಿಯ ವಿಷಯ ಅದಕ್ಕೆ ತಿಳಿಯದು. ನಾಲಿಗೆಯ ಮೇಲೆ ಸಿಕ್ಕದ್ದು ಅತ್ತಿಯ ಅಡುಗೆ. ಅಪರಾಧವನ್ನು ಅದರ ತಲೆಗೆ ಕಟ್ಟುತ್ತದೆ. ಕ್ರಮೇಣ ಕ್ಯಾರಿಯರಿನ ಸದ್ದು, ಗೇಟು, ಸ್ಪಿರಿಟ್ಟಿನ ವಾಸನೆ, ಎಲ್ಲದರ ಮೇಲೂ ಗುಮಾನಿ. ಆದ್ದರಿಂದಲೇ ಸೂಜಿಗೆ ಮೊದಲೇ ವಾಂತಿ. ಇದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ, ನುಂಗಿದ ಸಿಟ್ಟೂ ಅಲ್ಲ. ಎಷ್ಟೋ ರೋಗಿಗಳಿಗೆ ಹೀಗಾಗುತ್ತದೆ. ಅತ್ತಿ ನಿಮಗೆ ಇಷ್ಟವಾದದ್ದನ್ನೇ ಆರಿಸಿ ಡ್ರಿಪ್ಪಿನ ದಿನವೇ ತಂದರು. ಹಾಗಾಗಿ ಒಂದೊಂದೇ ಇಷ್ಟ ಕೆಟ್ಟಿತು. ಆ ಹಾಲಿನಲ್ಲಿ ಎಲ್ಲರ ಮನೆಯವರೂ ಇದೇ ತಪ್ಪು ಮಾಡುತ್ತಾರೆ. ಅವರಿಗೆ ಹೇಳಬೇಕಾದವಳು ನಾನು. ಚಾಪೆ ಹಾಸುತ್ತಿದ್ದೆ.

ಈಗ ಏನು ಮಾಡಬಹುದು ಎಂದು ಹೇಳುತ್ತೇನೆ.

ಡಾಕ್ಟರಿಗೆ ಎಲ್ಲ ತಿಳಿಸಿದ್ದೇನೆ. ವಾಂತಿಯ ಮಾತ್ರೆ ಬದಲಾಯಿಸುತ್ತಾರೆ. ಹಿಂದಿನ ದಿನ ತೆಗೆದುಕೊಳ್ಳಲು ಆತಂಕ ಇಳಿಸುವ ಸಣ್ಣ ಮಾತ್ರೆಯನ್ನೂ ಕೊಡುತ್ತಾರೆ. ಅದು ಮೊದಲು.

ಡ್ರಿಪ್ಪಿನ ದಿನ ಇಷ್ಟದ ಊಟ ಬೇಡವೇ ಬೇಡ. ಬೆಳಿಗ್ಗೆ ಸಪ್ಪೆ ಗಂಜಿ ಸಾಕು. ಸೂಜಿಗೆ ಸ್ವಲ್ಪ ಮೊದಲು, ನಿಮಗೆ ಹೊಸದಾದ, ಘಾಟಾದ, ಮುಂದೆಂದೂ ಬೇಕಾಗದ ಒಂದು ರುಚಿಯನ್ನು ಬಾಯಲ್ಲಿಡಿ. ಮೈಗೆ ಒಬ್ಬ ಅಪರಾಧಿ ಬೇಕೇ ಬೇಕಲ್ಲ? ನಾವೇ ಒಬ್ಬನನ್ನು ಹಿಡಿದು ಒಪ್ಪಿಸೋಣ. ಎಲ್ಲರಿಗೂ ಫಲಿಸುತ್ತದೆ ಎನ್ನಲಾರೆ, ಕೆಲವರಿಗೆ ಫಲಿಸಿದೆ.

ಗೇಟಿನ ಬಳಿ ವಾಕರಿಕೆ ಎದ್ದಾಗ ಅದರೊಂದಿಗೆ ಜಗಳಕ್ಕೆ ನಿಲ್ಲಬೇಡಿ. ಪಾದ ನೆಲಕ್ಕೆ ತಾಗಿರುವುದು ಎಲ್ಲಿ ಎಂದು ನೋಡಿ. ಮುಷ್ಟಿ ಬಿಗಿಹಿಡಿದು ಸಡಿಲಿಸಿ. ಹಾಗೇ ಭುಜ, ದವಡೆ. ಗಂಟಲಲ್ಲಿದೆಯೋ ಎದೆಯಲ್ಲೋ, ಏರುತ್ತಿದೆಯೋ ಇಳಿಯುತ್ತಿದೆಯೋ, ವರದಿಗಾರನ ಹಾಗೆ ಬರೀ ವರದಿ ಮಾಡಿ. ತಾತ ಮಾಡುತ್ತಿದ್ದದ್ದೂ ಇದೇ ಇರಬೇಕು. ಎರ್ರಣ್ಣನವರಿಗೆ ಮೂಗಿನ ಗೊಡವೆ ಬೇಡವೆಂದು, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಅದು ಏರಿಳಿಯುವುದನ್ನು ನೋಡಲು ಹೇಳಿದ್ದೇನೆ. ಇದರಿಂದ ಗಡ್ಡೆ ಕರಗುವುದಿಲ್ಲ. ಕರಗುತ್ತದೆ ಎಂದವನನ್ನು ನಂಬಬೇಡಿ. ಸಂಕಟ ಸ್ವಲ್ಪ ಇಳಿಯುತ್ತದೆ, ಡ್ರಿಪ್ ತೆಗೆದುಕೊಳ್ಳುವಷ್ಟು.

ಅನ್ನದ ವಿಷಯ ಡ್ರಿಪ್ಪುಗಳೆಲ್ಲ ಮುಗಿದ ಮೇಲೆ ನೋಡೋಣ, ಮೆಲ್ಲಗೆ. ಅತ್ತಿಯವರಿಗೆ ಮಾತ್ರ ಈಗಲೇ ಹೇಳಿ. ನೀವೇ ಹೇಳಿ. ನಾನು ಹೇಳಿದರೆ ಅದು ಆಸ್ಪತ್ರೆಯ ಮಾತಾಗುತ್ತದೆ.

ತಪ್ಪಿದ ಡ್ರಿಪ್ಪಿಗೆ ಎಂಟನೆಯ ತಾರೀಕು ಕೊಟ್ಟಿದ್ದಾರೆ. ಗೇಟಿನಲ್ಲಿ ನಿಂತಿರುತ್ತೇನೆ.

ನಿಮ್ಮ
ಹೇಮಾ


ಸಿರುಗುಪ್ಪ
13-7-2025

ಹೇಮಾ,

ಎಂಟರಂದು ನಡೆದದ್ದನ್ನು ನೀನೇ ನೋಡಿದೆ. ಅದಕ್ಕೆ ಮೊದಲು ಮನೆಯಲ್ಲಿ ನಡೆದದ್ದನ್ನು ಬರೆಯಬೇಕು.

ನಿನ್ನ ಪತ್ರ ಬಂದ ದಿನ ನಿಮ್ಮ ಅತ್ತಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತು ಹೇಳಿದೆ. ಅವಳು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

"ಅಂದ್ರ ನನ್ನ ಅಡಿಗಿ ತಪ್ಪಲ್ಲ?"

"ಅಲ್ಲ."

"ಔಷಧಿ ಮಾಡಿದ್ದು ನನ್ನ ಅನ್ನದ ತಲಿಗಿ ಬಂತು?"

"ಹೂಂ."

"ಇಷ್ಟು ಹೇಳಾಕ ಬಾಯಿಗೆ ಏನಾಗಿತ್ತು ನಿಮಗ? ಪೇಪರಿಗೆ ಬರಿಯಾಕಾದ್ರ ಕೈ ಓಡ್ತೈತಿ."

ಆ ಶಾಲೆ ನೆನಪಾಯಿತು, ಅದಕ್ಕೇ ಹೇಳಲಾಗಲಿಲ್ಲ ಎಂದೆ. ಅವಳು ಮೊರ ಕೆಳಗಿಟ್ಟಳು.

"ಅವರು ಮೂಗು ಮುಚ್ಚಿಕೊಂಡು ನನ್ನ ಮುಖ ನೋಡ್ಕಂತ ನಿಂದ್ರತಿದ್ರು, ನನಗ ಗೊತ್ತಾಗಲಿ ಅಂತ. ನೀವು ಬಟ್ಟಲ ಸರಿಸಿ ನನ್ನ ಮುಖ ನೋಡ್ಲಾರದ ಗ್ವಾಡಿ ನೋಡಿದ್ರಿ. ಎರಡೂ ಒಂದ ಏನ್ರಿ? ಮೇಷ್ಟ್ರಾಗಿ ಇಷ್ಟು ತಿಳಿಯಂಗಿಲ್ಲ?"

ಅವಳು ಮೊರ ಮಡಿಲಿಗೆ ಎಳೆದುಕೊಂಡಳು. ಮತ್ತೆ ಅಕ್ಕಿ ಆರಿಸತೊಡಗಿದಳು.

ಆಮೇಲೆ ಯಾವ ರುಚಿಯನ್ನು ಒಪ್ಪಿಸುವುದು ಎಂಬ ಚರ್ಚೆ. ಪಕ್ಕದ ಮನೆಯ ಹೊನ್ನೂರಪ್ಪ ಹಾಗಲಕಾಯಿ ಎಂದ. "ಉಪ್ಪಿಟ್ಟು ಕೊಡಾಣ, ನನಗೂ ಮಾಡೋದು ತಪ್ಪತೈತಿ" ಎಂದಳು ಇವಳು. ಕೊನೆಗೆ ಚೀಲ ಝಾಡಿಸುವಾಗ ಆ ಶಿಬಿರದಲ್ಲಿ ಪುಕ್ಕಟೆ ಹಂಚಿದ್ದ ಪೊಟ್ಟಣ ಬಿತ್ತು. 'ಆನಂದ ಗುಳಿಗೆ.' ಪುದೀನಾ, ನೀಲಗಿರಿ ಎಣ್ಣೆ, ಇನ್ನೇನೇನೋ ಸೇರಿಸಿದ ಚೀಪುವ ಮಿಠಾಯಿ. ಮೇಲೆ ಗುರೂಜಿಯ ನಗುಮುಖ. ಹಂಪಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದರ ಋಣ ನಮಗೇನೈತಿ? ಇದನ್ನ ಒಪ್ಪಿಸ್ರಿ" ಎಂದಳು. ಮಿಠಾಯಿ ಚೀಪಿದರೆ ತೊಂದರೆಯಿಲ್ಲವೆಂದು ಡಾಕ್ಟರೂ ಹೇಳಿದರು, ನೀನೇ ಕೇಳಿ ಬಂದೆ.

ಅವತ್ತು ಬಸ್ಸಿನಲ್ಲಿ ಅವಳ ಮಡಿಲಲ್ಲಿ ಕ್ಯಾರಿಯರಿರಲಿಲ್ಲ. ಬಳ್ಳಾರಿಯವರೆಗೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ತುದಿ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಗೇಟಿನಲ್ಲಿ ವಾಕರಿಕೆ ಎದ್ದಿತು. ನೀನು ಹೇಳಿದಂತೆ ಚಪ್ಪಲಿ ಬಿಟ್ಟು ನೆಲ ಮುಟ್ಟಿಸಿ ನಿಂತೆ. ಎದೆಯಲ್ಲಿತ್ತು. ಗಂಟಲಿಗೇರಿತು. ಕಕ್ಕಿದೆ. ಇಳಿಯಿತು. "ವರದಿ ಬರದ್ರೇನು? ಬರ್ರಿ ಒಳಗ" ಎಂದು ಇವಳು ರೆಟ್ಟೆ ಹಿಡಿದಳು. ಗೇಟಿನಲ್ಲಿ ಕಕ್ಕಿಯೂ ಒಳಗೆ ಬಂದದ್ದು ಅದೇ ಮೊದಲು. ಸೂಜಿಗೆ ಮುಂಚೆ ಆ ಗುಳಿಗೆ ಚೀಪಿದೆ.

ಈಗ ಐದು ದಿನದಿಂದ ಆ ಗುಳಿಗೆಯ ಪೊಟ್ಟಣ ಕಂಡರೆ ಹೊಟ್ಟೆ ತೊಳಸುತ್ತದೆ. ಆ ಮಟ್ಟಿಗೆ ನಿನ್ನ ವಿದ್ಯೆ ನಿಜ. ಮುಂದಿನ ಡ್ರಿಪ್ಪಿಗೂ ಬರುತ್ತೇನೆ.

ಇತಿ
ನಿನ್ನ ಮಾಮ


ಕುರುಗೋಡು
18-8-2025

ಮಾಮ,

ನಿನ್ನೆಯ ಸ್ಥಳೀಯ ಪತ್ರಿಕೆ ನೀವು ನೋಡಿರುತ್ತೀರಿ. ನೋಡದಿದ್ದರೆ ಕೂತು ಓದಿ: 'ಆನಂದ ಶಿಬಿರದಿಂದ ಕೀಮೋ ಸಂಕಟ ಗೆದ್ದ ನಿವೃತ್ತ ಶಿಕ್ಷಕ'. ಜೊತೆಗೆ ನಿಮ್ಮ ಫೋಟೋ. ಕಣ್ಣು ಮುಚ್ಚಿ, ತುಟಿ ಬಿಗಿದು ಕೂತಿದ್ದೀರಿ. ಕೆಳಗೆ 'ಧ್ಯಾನದಲ್ಲಿ ಲೀನ' ಎಂದಿದೆ.

ಅದು ಜೂನ್ ಮೂರರ ಫೋಟೋ. ಅದಾದ ಮರುಕ್ಷಣವೇ ನೀವು ಬಾಯಿಗೆ ಟವೆಲ್ಲು ಒತ್ತಿಕೊಂಡು ಹೊರಗೆ ಓಡಿದ್ದು.

ಶಿಬಿರ ನಡೆಸಿದ ಗುರೂಜಿಯ ಸಂಸ್ಥೆ ಈ ತಿಂಗಳ ಮೊದಲಲ್ಲೇ ಇದನ್ನು ವರದಿಯಾಗಿ ಬರೆದು ತಂದಿತ್ತು, ಆಪ್ತಸಮಾಲೋಚಕಿಯಾಗಿ ನಾನು ಸಹಿ ಹಾಕಬೇಕಿತ್ತು. ಹಾಕಲಿಲ್ಲ. ಇದು ಸುಳ್ಳು ಎಂದು ಅದರ ಮೇಲೆಯೇ ಬರೆದು ಕೊಟ್ಟೆ. ಮರುದಿನದಿಂದ ನನ್ನನ್ನು ಹೊರರೋಗಿಗಳ ಚೀಟಿ ಬರೆಯುವ ಕಿಟಕಿಗೆ ಕೂರಿಸಿದ್ದಾರೆ. ಡ್ರಿಪ್ ಹಾಲಿಗೆ ಹೋಗಲು ಈಗ ನನಗೆ ಅನುಮತಿ ಬೇಕು. ಎರ್ರಣ್ಣನವರೇ ಹೊರಗೆ ಬಂದು ನನ್ನ ಕಿಟಕಿಯ ಎದುರಿನ ಬೆಂಚಿನಲ್ಲಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂರುತ್ತಾರೆ. ಕೊಟ್ರಮ್ಮನೂ ಬಂದು ಪಕ್ಕದಲ್ಲಿ ಕೂರುತ್ತಾರೆ. "ಬೋರ್ಡ್ ಹಾಕ್ಲಾರದ ಕ್ಲಾಸು ಇದು" ಎನ್ನುತ್ತಾರೆ.

ನಿಮ್ಮ ಕೊನೆಯ ಡ್ರಿಪ್ಪಿಗೆ ನಾನು ಒಳಗೆ ಬರಲಾಗದಿರಬಹುದು. ನೀವು ಮಾತ್ರ ತಪ್ಪಿಸಬೇಡಿ.

ನಿಮ್ಮ
ಹೇಮಾ


ಸಿರುಗುಪ್ಪ
24-8-2025

ಹೇಮಾ,

ಪತ್ರಿಕೆಗೆ ಸ್ಪಷ್ಟೀಕರಣ ಬರೆದೆ. 'ಧ್ಯಾನದಲ್ಲಿ ಲೀನನಾಗಿರಲಿಲ್ಲ, ವಾಂತಿ ತಡೆಯುತ್ತಿದ್ದೆ' ಎಂಬುದೇ ಮೊದಲ ವಾಕ್ಯ. ಅಲ್ಲಿಂದ ಫೋನು ಬಂತು. "ಸರ್, ಒಳ್ಳೇ ಸುದ್ದಿಗೆ ಯಾಕ ತಿದ್ದುಪಡಿ? ನಾಲ್ಕು ಮಂದಿಗಿ ಧೈರ್ಯ ಬರತೈತಿ, ಬಿಡ್ರಿ." ಸುಳ್ಳಿನಿಂದ ಬರುವ ಧೈರ್ಯ ಗೇಟಿನವರೆಗೂ ಬಾಳುವುದಿಲ್ಲ ಎಂದೆ. ಜಾಗವಿಲ್ಲ ಎಂದರು. ನಲವತ್ತು ವರ್ಷದಿಂದ ವಾಚಕರ ಪತ್ರ ಬರೆಯುತ್ತಿದ್ದೇನೆ. ಬಿಸಿಯೂಟದ ಗಲಾಟೆಯಲ್ಲೂ ಇದೇ ಉತ್ತರ ಬಂದಿತ್ತು.

ನನ್ನ ವಾಂತಿಯನ್ನೂ ಆ ಗುರೂಜಿ ತನ್ನ ಜಾಹೀರಾತಿಗೆ ಬಳಸಿಕೊಂಡ. ನಿನ್ನ ಕೆಲಸವನ್ನು ತನ್ನದೆಂದು ಬರೆಸಿಕೊಂಡು ನಿನ್ನನ್ನು ಕಿಟಕಿಗೆ ಕೂರಿಸುವಂತೆ ಮಾಡಿದ. ನನಗಾದ ಹೇಸಿಗೆಯನ್ನು ಇಳಿಸಿಕೊಳ್ಳಲು ಪಾದ ನೆಲಕ್ಕೂರಿ ನೋಡಿದೆ. ಇಳಿಯಲಿಲ್ಲ. ಇಳಿಯಬಾರದು ಎಂದೂ ತೋರಿತು. ಒಂದು ಹೇಸಿಗೆಯನ್ನು ಮರೆಯಲು ಕಲಿಯಬೇಕು, ಇನ್ನೊಂದನ್ನು ಸಾಯುವವರೆಗೆ ಕಾಪಾಡಿಕೊಳ್ಳಬೇಕು. ನಿಮ್ಮ ಪುಸ್ತಕಗಳಲ್ಲಿ ಇದನ್ನು ಬರೆದಿದ್ದಾರೋ ಇಲ್ಲವೋ.

ಕೊನೆಯ ಡ್ರಿಪ್ಪಿಗೆ ಬರುತ್ತೇನೆ. ನಿನ್ನ ಕಿಟಕಿಯಲ್ಲೇ ಚೀಟಿ ಬರೆಸುತ್ತೇನೆ.

ಇತಿ
ನಿನ್ನ ಮಾಮ


ಸಿರುಗುಪ್ಪ
26-10-2025

ಹೇಮಾ,

ಡ್ರಿಪ್ಪುಗಳೆಲ್ಲ ಮುಗಿದ ಮೇಲಿನ ಸ್ಕ್ಯಾನಿನಲ್ಲಿ ಸದ್ಯಕ್ಕೆ ಏನೂ ಇಲ್ಲವೆಂದರು. 'ಸದ್ಯಕ್ಕೆ' ಎಂಬ ಪದವನ್ನು ಡಾಕ್ಟರು ಒತ್ತಿ ಹೇಳಿದರು. ನನಗೆ ಅಷ್ಟು ಪ್ರಾಮಾಣಿಕತೆ ಸಾಕು.

ನೀನು ಹೇಳಿಕೊಟ್ಟ ಅನ್ನದ ಪಾಠ ನಡೆಯುತ್ತಿದೆ. ಮೊದಲು ಕೆಲವು ದಿನ ಅನ್ನ ಕುದಿಯುವಾಗ ಪಡಸಾಲೆಯಲ್ಲಿ ಕೂತೆ. ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ. ವಾಸನೆ ಬಂದಾಗ ಎದ್ದು ಓಡದೆ, ಅದು ಎಲ್ಲಿಯವರೆಗೆ ಏರುತ್ತದೆ ಎಂದು ನೋಡುತ್ತ. ಹಂಪಕ್ಕ ಬೆನ್ನು ಹಾಕಿಕೊಂಡೇ ಮಾತಾಡುತ್ತಾಳೆ. "ಎಲ್ಲಿಗಿ ಬಂತು?" "ಎದಿಗಿ." "ಇರಲಿ, ಕುಂದ್ರಲಿ ಅಲ್ಲೇ." ಹದಿನೈದು ದಿನ ಅನ್ನವನ್ನು ಮುಟ್ಟಿದೆ, ತಿನ್ನಲಿಲ್ಲ. ಉಗುರುಬೆಚ್ಚಗಿನ ಅಗುಳನ್ನು ಅಂಗೈಯಲ್ಲಿಟ್ಟುಕೊಂಡು ಕೂರುವ ಈ ಮುದುಕನನ್ನು ಹೊನ್ನೂರಪ್ಪ ನೋಡಿ, "ಏನ್ ಮೇಷ್ಟ್ರೇ, ಗುಬ್ಬಿಗಿ ಹಾಕ್ತೀರೇನು?" ಎಂದು ಕೇಳಿ ಹೋದ.

ನಿನ್ನೆ ಮಧ್ಯಾಹ್ನ ನಾನೇ ತಾಟು ಹಾಕಿಕೊಂಡು ಕೂತೆ. ಬಿಳಿ ಅನ್ನ, ಮೇಲೆ ತಿಳಿಸಾರು. ಒಂದು ತುತ್ತು ಬಾಯಿಗಿಟ್ಟೆ. ಅಗಿದೆ. ನುಂಗಿದೆ. ಎರಡನೆಯದನ್ನೂ ನುಂಗಿದೆ. ಮೂರನೆಯದಕ್ಕೆ ಮೈ ಹಳೆಯ ಪಾಠವನ್ನು ಒಪ್ಪಿಸಿತು. ಹಿತ್ತಲಿಗೆ ಹೋಗಿ ಎಲ್ಲವನ್ನೂ ಕಕ್ಕಿದೆ. ಬಚ್ಚಲಲ್ಲಿ ಬಾಯಿ ತೊಳೆದುಕೊಂಡು ಬರುವಾಗ, ತಾಟು ಎತ್ತಿಟ್ಟಿರುತ್ತಾಳೆ ಎಂದುಕೊಂಡಿದ್ದೆ.

ಹಂಪಕ್ಕ ನನ್ನ ತಾಟಿನ ಮುಂದೆ ಕೂತು, ನಾನು ಬಿಟ್ಟ ಅನ್ನವನ್ನು ಉಣ್ಣುತ್ತಿದ್ದಳು.

"ಎಂಜಲೈತಿ ಅದು" ಎಂದೆ.

"ಐತಿ" ಎಂದಳು. "ಕುಂದರ್ರಿ."

ಕೂತೆ. ಅವಳು ತಾಟನ್ನು ಇಬ್ಬರ ನಡುವೆ ಸರಿಸಿದಳು. ಸ್ವಲ್ಪ ಹೊತ್ತು ಅವಳು ಉಣ್ಣುವುದನ್ನು ನೋಡಿದೆ. ವಾಕರಿಕೆ ಎದೆಯಲ್ಲೇ ಇತ್ತು, ಹೋಗಿರಲಿಲ್ಲ. ಅದು ಇರುವಾಗಲೇ ಕೈ ಚಾಚಿ ಅವಳ ಪಕ್ಕದಿಂದ ಒಂದು ತುತ್ತು ತೆಗೆದುಕೊಂಡೆ.

ಇತಿ
ನಿನ್ನ ಮಾಮ
ಭೀಮರಾಜ